ಕಿವಿ ಬರಿಯ ಮೈಕ್ರೊಫೋನಲ್ಲ

ಕಿವಿಯ ಬಗ್ಗೆ ನೀವು ಪ್ರಕಟಿಸಿದ ಲೇಖನದಲ್ಲಿ, ಸದ್ದನ್ನು ನರಸಂಕೇತವಾಗಿಸುವ ಒಳಗಿವಿಯ ರೋಮಕೋಶವನ್ನು ಲೇಖಕರು ಮೈಕ್ರೊಫೋನಿಗೆ ಹೋಲಿಸಿದ್ದಾರೆ. ದಾವಣಗೆರೆಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಭೌತವಿಜ್ಞಾನ ಕಲಿಸುವ ನನಗೆ ಆ ಹೋಲಿಕೆ ಸಾಲದೆನಿಸುತ್ತದೆ. ಕೇಳಿಸುವ ಅತಿ ಸಣ್ಣ ಸದ್ದು ಈ ಕೋಶದ ತುದಿಯ ಎಳೆಗಳ ಕಟ್ಟನ್ನು ಒಂದು ನ್ಯಾನೋಮೀಟರಿನ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿನ) ಆಸುಪಾಸಿನಷ್ಟೇ ಅಲುಗಿಸುತ್ತದೆ, ಆದರೆ ದೇಹದ 37 ಡಿಗ್ರಿ ಶಾಖದಲ್ಲಿ ಆ ಕಟ್ಟು ತಾನಾಗಿಯೇ ಅದಕ್ಕಿಂತ ಹೆಚ್ಚು ನಡುಗುತ್ತಿರುತ್ತದೆ. ಒಂಟಿ ಎಲೆಕ್ಟ್ರಾನನ್ನು ಎಣಿಸುವ ನ್ಯಾನೋ ಸಾಧನಗಳಿಗೂ ಶಾಖದಿಂದ ಹುಟ್ಟುವ ಇದೇ ನಡುಕದ, ಅಂದರೆ ಉಷ್ಣ ಗದ್ದಲದ, ಕಾಟವಿದೆ. ಅವನ್ನು ಸಾಮಾನ್ಯವಾಗಿ ಕಡುಚಳಿಯಲ್ಲಿಟ್ಟು ದುಡಿಸುತ್ತೇವೆ. ಕಿವಿಗೆ ಆ ಅನುಕೂಲವಿಲ್ಲ.

ಕಿವಿಯೊಳಗೆ ಶಕ್ತಿ ವ್ಯಯಿಸಿ ಕಂಪನವನ್ನು ಹಿಗ್ಗಿಸುವ ವ್ಯವಸ್ಥೆ ಇರಲೇಬೇಕೆಂದು ವಿಜ್ಞಾನಿ ಥಾಮಸ್ ಗೋಲ್ಡ್ 1948ರಲ್ಲೇ ವಾದಿಸಿದ್ದರು. 1978ರಲ್ಲಿ ಇನ್ನೊಬ್ಬ ವಿಜ್ಞಾನಿ ಡೇವಿಡ್ ಕೆಂಪ್ ಕಿವಿಯಿಂದಲೇ ಹೊರಡುವ ಸದ್ದನ್ನು ಅಳೆದು ತೋರಿಸಿದ ಮೇಲೆ ಆ ವಾದಕ್ಕೆ ಬಲ ಬಂತು. ತಾನಾಗಿ ಕಂಪಿಸತೊಡಗುವ ಹೊಸ್ತಿಲಲ್ಲೇ, ಅಂದರೆ ಗಣಿತದಲ್ಲಿ ಹಾಪ್ಫ್ ಕವಲು ಎನ್ನುವ ಬಿಂದುವಿನ ಬಳಿಯೇ, ಈ ವ್ಯವಸ್ಥೆ ನಿಂತಿರುತ್ತದೆ ಎಂಬ ಸಿದ್ಧಾಂತದ ಪ್ರಕಾರ, ಹೊಂದಿಕೆಯ ಆವರ್ತನದಲ್ಲಿ ಪ್ರಚೋದನೆ ಸಾವಿರ ಪಟ್ಟು ಬೆಳೆದರೂ ಸ್ಪಂದನ ಅದರ ಘನಮೂಲದಷ್ಟು, ಅಂದರೆ ಹತ್ತೇ ಪಟ್ಟು, ಬೆಳೆಯುತ್ತದೆ. ಪಿಸುಮಾತನ್ನೂ ಗುಡುಗನ್ನೂ ಒಂದೇ ಅಂಗ ತಾಳಿಕೊಳ್ಳುವುದು ಹೀಗೆ. ಇದಕ್ಕಿಂತ ಸುಂದರವಾದ ಘನಮೂಲವನ್ನು ನಾನು ಕಂಡಿಲ್ಲ.

ಇಲ್ಲಿನ ಹತ್ತಿ ಗಿರಣಿಯೊಂದರ ಮಗ್ಗಗಳ ನಡುವೆ ಬಹುಕಾಲ ದುಡಿದ ನನ್ನ ತಂದೆಯವರು ಮೊದಲು ಕಳೆದುಕೊಂಡದ್ದು ತೀಕ್ಷ್ಣ ಸ್ವರಗಳನ್ನು. ಕಿವಿಗೆ ಯಾವ ರಕ್ಷಣೆಯನ್ನೂ ಅಲ್ಲಿ ಕೊಟ್ಟಿರಲಿಲ್ಲ. ಅತಿಯಾದ ಸದ್ದಿಗೆ ಸತ್ತ ರೋಮಕೋಶ ಕೋಳಿಯ ಕಿವಿಯಲ್ಲಿ ಮತ್ತೆ ಹುಟ್ಟುತ್ತದೆ, ಮನುಷ್ಯರ ಶ್ರವಣಾಂಗದಲ್ಲಿ ಹುಟ್ಟುವುದಿಲ್ಲ. ಮುಂದಿನ ಲೇಖನದಲ್ಲಿ ಈ ವ್ಯತ್ಯಾಸದ ಬಗ್ಗೆಯೂ ಲೇಖಕರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.