ವಿಶ್ವದ ತಳಹದಿ ಮಾಹಿತಿಯೇ?

ಪರ

ಡಿಸೆಂಬರ್ ಸಂಜೆ ಕಾಫಿ ಹಣ್ಣಿನ ಚೀಲಗಳು ತೋಟದಿಂದ ಇಳಿದು ಬರುತ್ತವೆ. ತೂಕಕ್ಕೆ ಮೊದಲು ಟಾರ್ಪಾಲಿನ ಮೇಲೆ ಸುರಿದು ಹಸಿರು ಕಾಯಿ, ಎಲೆ, ಕಡ್ಡಿ ಬೇರೆ ಮಾಡಬೇಕು. ಕೆಲಸದವರ ಜೊತೆ ನಾನೂ ಕೂತು ಆಯುತ್ತೇನೆ. ಬೆರಳೆಲ್ಲ ಅಂಟು, ಅರ್ಧ ಗಂಟೆಗೆ ಕಣ್ಣು ಸೋಲುತ್ತದೆ. ಬೆರೆಯಲು ಕ್ಷಣ ಸಾಕು, ಬೇರ್ಪಡಿಸಲು ದುಡಿಯಬೇಕು. ಶಾಖದ ಲೆಕ್ಕದಲ್ಲಿ ಇಂಥದೇ ಹಿಂದಿರುಗದ ಬದಲಾವಣೆಯ ಅಳತೆಗೆ 1865ರಲ್ಲಿ ಭೌತವಿಜ್ಞಾನಿ ಕ್ಲಾಸಿಯಸ್ ಎಂಟ್ರೊಪಿ ಎಂದು ಹೆಸರಿಟ್ಟ. ಹೊರಗಿನ ನೆರವಿಲ್ಲದೆ ಅದು ತಗ್ಗುವುದಿಲ್ಲ.

1867ರಲ್ಲಿ ಮ್ಯಾಕ್ಸ್‌ವೆಲ್ ಇಂಥದೇ ಒಬ್ಬ ಆಯುವವನನ್ನು ಕಲ್ಪಿಸಿಕೊಂಡ. ಗಾಳಿ ತುಂಬಿದ ಪೆಟ್ಟಿಗೆಯ ನಡುಗೋಡೆಯ ಕಿಂಡಿಯ ಬಳಿ ಕೂತ ಪುಟ್ಟ ಭೂತ. ವೇಗದ ಅಣುಗಳನ್ನು ಆಚೆ ಬಿಡುತ್ತದೆ, ನಿಧಾನದವನ್ನು ಈಚೆ. ದುಡಿಮೆಯೇ ಇಲ್ಲದೆ ಆಚೆ ಬಿಸಿ, ಈಚೆ ತಂಪು! ಹಾಗಾದರೆ ನಿಯಮ ಮುರಿಯಿತೇ? ಉತ್ತರ ಸಿಗಲು ನೂರು ವರ್ಷ ದಾಟಿತು. ಒಂದು ಬಿಟ್, ಅಂದರೆ ಹೌದು-ಅಲ್ಲ ಎಂಬಷ್ಟು ಮಾಹಿತಿ ಅಳಿಸಿದರೂ ಇಂತಿಷ್ಟು ಶಾಖ ಹೊರಬೀಳಲೇಬೇಕು ಎಂದು 1961ರಲ್ಲಿ ಲ್ಯಾಂಡವರ್ ತೋರಿಸಿದ. ಭೂತವೂ ಅಣುಗಳ ವೇಗವನ್ನು ನೆನಪಿಡಬೇಕು, ನೆನಪು ತುಂಬಿದಾಗ ಅಳಿಸಬೇಕು. ಅಲ್ಲೇ ಅದರ ಲಾಭವೆಲ್ಲ ಕರಗುತ್ತದೆ ಎಂದು 1982ರಲ್ಲಿ ಬೆನೆಟ್ ಗಂಟು ಬಿಡಿಸಿದ. 2012ರಲ್ಲಿ ಪ್ರಯೋಗಶಾಲೆಯಲ್ಲಿ ಆ ಶಾಖವನ್ನು ಅಳೆದೂ ಆಯಿತು.

ಅಳಿಸಿದ್ದಕ್ಕೆ ಪ್ರಕೃತಿಯೇ ಸುಂಕ ವಸೂಲಿ ಮಾಡುತ್ತದೆ ಎಂದಮೇಲೆ, ಮಾಹಿತಿ ನಮ್ಮ ತಲೆಯೊಳಗಿನ ಲೆಕ್ಕವಷ್ಟೇ ಎನ್ನಲು ನನ್ನಿಂದಾಗದು. ಕಪ್ಪುಕುಳಿಯ ಎಂಟ್ರೊಪಿ ಅದರ ಗಾತ್ರಕ್ಕಲ್ಲ, ಹೊರಮೈಯ ವಿಸ್ತಾರಕ್ಕೆ ತಕ್ಕಂತೆ ಇರುತ್ತದೆ ಎಂದು ಬೆಕೆನ್‌ಸ್ಟೈನ್ 1970ರ ದಶಕದಲ್ಲಿ ಹೇಳಿ, ಅದನ್ನು ಒಳಗೆ ಮರೆಯಾದ ಮಾಹಿತಿಯ ಅಳತೆ ಎಂದು ಓದಿದ ಮೇಲಂತೂ, ಮಾಹಿತಿಯೇ ಮೊದಲು, ವಸ್ತು ಆಮೇಲೆ ಎಂಬ ಭೌತವಿಜ್ಞಾನಿ ವೀಲರ್ ಮಾತು ನನಗೆ ಅತಿರೇಕ ಅನ್ನಿಸುವುದಿಲ್ಲ.

ವಿರೋಧ

ನಮ್ಮ ಮನೆಯಲ್ಲಿ ಅಜ್ಜನ ಮಳೆ ಪುಸ್ತಕವಿದೆ. ಬೆಳಿಗ್ಗೆ ಕೊಡೆ ಹಿಡಿದು ಅಂಗಳಕ್ಕಿಳಿದು, ಮಾಪಕದ ನೀರು ಅಳೆದು, ಇಂಚು, ಅದರ ನೂರನೇ ಒಂದು ಭಾಗವಾದ ಸೆಂಟಿನಲ್ಲಿ ಬರೆದಿಡುತ್ತಿದ್ದರು. ಕೆಲವು ಹಾಳೆಗಳನ್ನು ಗೆದ್ದಲು ತಿಂದಿದೆ. ಆ ದಿನಗಳ ಮಳೆ ಅದರಿಂದ ಸುರಿಯದೇ ಹೋಯಿತೇ?

ತಿಂದ ಅಕ್ಷರದ ಗುರುತು ನಾಶವಾಗಿಲ್ಲ, ಗೆದ್ದಲಿನ ಹೊಟ್ಟೆ, ಹುತ್ತದ ಮಣ್ಣು, ಗಾಳಿಯ ಬಿಸಿಯಲ್ಲಿ ಚದುರಿದೆ ಎಂದು ಭೌತವಿಜ್ಞಾನ ಹೇಳುತ್ತದೆ. ಒಪ್ಪಿದೆ. ಆದರೆ ಚದುರಿ ಉಳಿದದ್ದು ಎಲ್ಲಿ? ಅಣುಗಳಲ್ಲೇ ತಾನೆ? ಲ್ಯಾಂಡವರ್ ತೋರಿಸಿದ್ದನ್ನೂ ನಾನು ಹೀಗೇ ಓದುತ್ತೇನೆ. ಹೊರಲು ಶಾಯಿಯೋ ಕಾಂತವೋ ಬೆಳಕೋ ಇಲ್ಲದ ಬಿಟ್ ಎಲ್ಲೂ ಇಲ್ಲ, ಅದಕ್ಕೇ ಅಳಿಸಿದಾಗ ಶಾಖ. ಅಲ್ಲಿ ಆಧಾರ ವಸ್ತುವೇ.

ಮಾಹಿತಿಯನ್ನು ಬಿಟ್‌ಗಳಲ್ಲಿ ಅಳೆದ ಗಣಿತಜ್ಞ ಶಾನನ್ 1948ರಲ್ಲಿ ಕೊಟ್ಟದ್ದು ಸಂದೇಶ ಸಾಗಿಸುವ ಲೆಕ್ಕ. ಅರ್ಥವನ್ನು ಅವನು ಬೇಕೆಂದೇ ಹೊರಗಿಟ್ಟ. ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ 'ಹೂಮಳೆ ಬಂತು' ಎಂಬ ಸುದ್ದಿಗೆ ಬೆಳೆಗಾರನ ಜೀವ ಹಗುರಾಗುತ್ತದೆ. ಅಷ್ಟೇ ಉದ್ದದ ಪೊಳ್ಳು ಅಕ್ಷರಗಳನ್ನು ಕಳಿಸಲು ಇನ್ನೂ ಹೆಚ್ಚು ಬಿಟ್ ಬೇಕಾಗಬಹುದು. ಶಾನನ್‌ನ ಸೂತ್ರ ಭೌತವಿಜ್ಞಾನಿ ಬೋಲ್ಟ್ಸ್‌ಮನ್‌ನ ಎಂಟ್ರೊಪಿ ಸೂತ್ರದ ಹಾಗೇ ಕಾಣುತ್ತದೆ, ನಿಜ. ರೂಪ ಒಂದೇ ಆದ ಮಾತ್ರಕ್ಕೆ ಎರಡೂ ಒಂದೇ ಆಗಬೇಕಿಲ್ಲ. ಕಪ್ಪುಕುಳಿಯ ಎಂಟ್ರೊಪಿ ಯಾವುದರ ಎಣಿಕೆ ಎಂಬುದೇ ಇನ್ನೂ ಇತ್ಯರ್ಥವಾಗದಿರುವಾಗ ಅದರ ಮೇಲೆ ವಿಶ್ವವನ್ನು ಕಟ್ಟುವುದು ಅವಸರ.

ಗೆದ್ದಲು ತಿಂದ ಹಾಳೆಗಳ ಮುಂದೆ ನಾನು ಹೊಸ ಹಾಳೆ ಹೊಲಿದಿದ್ದೇನೆ. ಇವತ್ತು ಬೆಳಿಗ್ಗೆ ಮಾಪಕದಲ್ಲಿ ಒಂದು ಇಂಚು ಹತ್ತು ಸೆಂಟ್ ಇತ್ತು. ನೀರು ಚೆಲ್ಲಿ, ಕೈ ಒರೆಸಿಕೊಂಡು, ಆಮೇಲೆ ಬರೆದೆ.