ಅತ್ತೆಯವರ ಇಂಕು ಚಿಕಿತ್ಸೆ

ನಮ್ಮ ಮನೆಯಲ್ಲಿ ಖಾಲಿಯಾದ ವಸ್ತುವನ್ನು ಎಸೆಯುವ ಪದ್ಧತಿಯಿಲ್ಲ. ಅದರಲ್ಲಿ ಇನ್ನೇನು ತುಂಬಬಹುದು ಎಂದು ಯೋಚಿಸುವ ಪದ್ಧತಿಯಿದೆ. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾರಿನ ಪುಡಿ, ಐಸ್‌ಕ್ರೀಮ್ ಡಬ್ಬಿಯಲ್ಲಿ ದೋಸೆ ಹಿಟ್ಟು, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಸೂಜಿದಾರ. ಶಾಲೆಯಲ್ಲಿ ಡ್ರಾಪರಿನಿಂದ ಪೆನ್ನಿಗೆ ಇಂಕು ಹಾಕಿಕೊಂಡು, ಪಕ್ಕದವಳಿಗೆ ನಾಲ್ಕು ಹನಿ ಸಾಲ ಕೊಟ್ಟು, ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಬೆಳೆದವರು ನಾವು. ಅಂಥವರ ಮುಂದೆ ಬಂದು, ಇಂಕು ಮುಗಿಯಿತು, ಇನ್ನು ಪೆನ್ನನ್ನೇ ಬದಲಾಯಿಸಿ ಎಂದು ಯಾರಾದರೂ ಹೇಳಿದರೆ ಹೇಗಾಗಬೇಡ? ಇಂಕ್‌ಜೆಟ್ ಪ್ರಿಂಟರು ಹೇಳುವುದು ಅದನ್ನೇ.

ಕಂಪ್ಯೂಟರ್ ಅಂಗಡಿಯವನು ಕಪ್ಪು ಮತ್ತು ಬಣ್ಣದ ಎರಡು ಕಾರ್ಟ್ರಿಜ್‌ಗಳ ಬೆಲೆ ಹೇಳಿ, ನನ್ನ ಮುಖ ನೋಡಿ, "ಇನ್ನು ಸ್ವಲ್ಪ ಹಾಕಿದರೆ ಹೊಸ ಪ್ರಿಂಟರೇ ಬರುತ್ತದೆ ಮೇಡಂ" ಎಂದು ಸಮಾಧಾನ ಮಾಡಿದ. ಇಂಥ ಸಣ್ಣ ಕಾರ್ಟ್ರಿಜ್ಜಿನೊಳಗೆ ಇರುವುದು ಹೆಚ್ಚುಕಡಿಮೆ ಒಂದು ಟೀ ಚಮಚದಷ್ಟು ಇಂಕು. ಯಂತ್ರವನ್ನು ಅಗ್ಗವಾಗಿ ಕೊಟ್ಟು, ಲಾಭವನ್ನು ಆ ಚಮಚದಲ್ಲಿ ಅಳೆದು ತೆಗೆದುಕೊಳ್ಳುವ ವ್ಯಾಪಾರ ಇದು. ಈ ಜಗಳ ನನ್ನೊಬ್ಬಳದೇನೂ ಅಲ್ಲ. ಖಾಲಿ ಕಾರ್ಟ್ರಿಜ್‌ಗಳನ್ನು ಮತ್ತೆ ತುಂಬಿ ಮಾರುತ್ತಿದ್ದ ಚಿಕ್ಕ ಕಂಪನಿಯೊಂದರ ಮೇಲೆ ಪ್ರಿಂಟರ್ ತಯಾರಿಸುವ ಲೆಕ್ಸ್‌ಮಾರ್ಕ್ ಕಂಪನಿ ಹಾಕಿದ್ದ ದಾವೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ವಸ್ತುವನ್ನು ಒಮ್ಮೆ ಮಾರಿದ ಮೇಲೆ ಅದರ ಮೇಲಿನ ಪೇಟೆಂಟ್ ಹಕ್ಕು ಮುಗಿಯಿತು ಎಂದು 2017ರಲ್ಲಿ ತೀರ್ಪು ಬಂತು. ಅಲ್ಲಿ ವ್ಯಾಜ್ಯವಿದ್ದದ್ದು ಲೇಸರ್ ಪ್ರಿಂಟರಿನ ಟೋನರ್ ಪುಡಿಯ ಬಗ್ಗೆ, ನಿಜ. ಆದರೂ ನ್ಯಾಯ ನಮ್ಮ ಕಡೆಗಿದೆ ಎಂಬ ಧೈರ್ಯದಲ್ಲಿ ಅದೇ ಅಂಗಡಿಯಲ್ಲಿ ನಾಲ್ಕು ಬಣ್ಣದ ಇಂಕಿನ ಬಾಟಲಿಗಳನ್ನು ಕೊಂಡೆ. ಬೆಲೆ ಕೇಳಿ ನಗು ಬಂತು. ಒಂದೊಂದರಲ್ಲೂ ನೂರು ಮಿಲಿಲೀಟರ್!

ಅವಸರಕ್ಕೆ ಕಾರಣ ರಾಜ್ಯೋತ್ಸವ. ಮಗಳಿಗೆ ಶಾಲೆಯಲ್ಲಿ 'ನಮ್ಮ ರಾಜ್ಯದ ಸಂಕೇತಗಳು' ಎಂಬ ಪ್ರಾಜೆಕ್ಟ್ ಕೊಟ್ಟಿದ್ದರು. ಆನೆ, ನೀಲಕಂಠ ಪಕ್ಷಿ, ಶ್ರೀಗಂಧದ ಮರ, ಕಮಲ, ಜೊತೆಗೆ ಹಳದಿ ಕೆಂಪಿನ ಬಾವುಟ, ಎಲ್ಲದರ ಬಣ್ಣದ ಚಿತ್ರಗಳು ಬೆಳಿಗ್ಗೆಯೊಳಗೆ ಚಾರ್ಟಿನ ಮೇಲೆ ಅಂಟಿರಬೇಕು. ಪ್ರಾಜೆಕ್ಟ್ ಇದೆ ಎಂಬುದು ಮಕ್ಕಳಿಗೆ ನೆನಪಾಗುವುದು ಹಿಂದಿನ ರಾತ್ರಿ ಊಟದ ಎಲೆಯ ಮುಂದೆಯೇ. ಇದು ಎಲ್ಲ ಮನೆಗಳಿಗೂ ಅನ್ವಯಿಸುವ ನಿಯಮ, ಇರಲಿ.

ನಮ್ಮವರು ಎಂಜಿನಿಯರು. ಆದ್ದರಿಂದ ಮೊದಲು ವಿಡಿಯೊ ನೋಡಬೇಕು ಎಂದರು. ನನ್ನ ಅತ್ತೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತರಾದವರು. ಅವರಿಗೆ ಇಂಕಿನ ಬಾಟಲಿ ಕಾಣಲಿಲ್ಲ, ಅದರ ಪಕ್ಕದಲ್ಲಿದ್ದ ಸಿರಿಂಜು ಕಂಡಿತು. ಟೀವಿ ಧಾರಾವಾಹಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದರು.

"ಒಂದೇ ಸಿರಿಂಜು ಇದೆಯಲ್ಲ?"

"ಒಂದನ್ನೇ ತೊಳೆದು ತೊಳೆದು ಬಳಸುವುದಂತೆ ಅತ್ತೆ."

"ಒಂದೇ ಸೂಜಿಯನ್ನು ನಾಲ್ವರಿಗೆ ಚುಚ್ಚುವುದೇ? ನನ್ನ ಕಣ್ಣೆದುರಿಗೇ?"

ನಾನು ಮೆಡಿಕಲ್ ಶಾಪಿಗೆ ಓಡಿದೆ. ಅಂಗಡಿಯವರು ಸಿರಿಂಜುಗಳನ್ನು ಎಣಿಸಿ ಕೊಡುತ್ತಾ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸಿದರು. ಪ್ರಿಂಟರಿಗೆ ಎಂದೆ. ಅವರು ತಲೆಯಾಡಿಸಿ ಸಿರಿಂಜುಗಳನ್ನು ಪೊಟ್ಟಣ ಕಟ್ಟಿದರು. ಮೈಸೂರಿನವರು ಇಂಥ ವಿಷಯಗಳಲ್ಲಿ ಹೆಚ್ಚು ಕೆದಕುವುದಿಲ್ಲ.

ಬಣ್ಣದ ಕಾರ್ಟ್ರಿಜ್ಜಿನ ನೆತ್ತಿಯ ಮೇಲಿನ ಚೀಟಿಯನ್ನು ಉಗುರಿನಿಂದ ಎಬ್ಬಿಸಿ ಸುಲಿದರೆ ಕೆಳಗೆ ಸಾಸಿವೆ ಗಾತ್ರದ ತೂತುಗಳು ಕಾಣುತ್ತವೆ. ಒಳಗೆ ಮೂರು ಕೋಣೆ, ಮೂರರಲ್ಲೂ ಸ್ಪಂಜು. ಒಂದಕ್ಕೆ ಹಳದಿ, ಒಂದಕ್ಕೆ ಮೆಜೆಂಟಾ, ಒಂದಕ್ಕೆ ಸಯಾನ್. ಯಾವ ತೂತು ಯಾರ ಮನೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ನಮ್ಮವರು ನೋಡಿದ ಎರಡು ವಿಡಿಯೊಗಳು ಎರಡು ಬಗೆಯಾಗಿ ಹೇಳಿದವು. ಅತ್ತೆ ದೇವರ ಮನೆಗೆ ಹೋಗಿ, ಉರಿದು ಉಳಿದಿದ್ದ ಊದುಬತ್ತಿ ಕಡ್ಡಿಗಳನ್ನು ತಂದು, ಒಂದೊಂದು ತೂತಿಗೆ ಒಂದೊಂದನ್ನು ಇಳಿಸಿ ಎತ್ತಿದರು. ಕಡ್ಡಿಯ ತುದಿಯಲ್ಲಿ ಹಳದಿ, ಗುಲಾಬಿ, ನೀಲಿ. "ಪರೀಕ್ಷೆ ಮಾಡದೆ ಔಷಧಿ ಕೊಡಬಾರದು" ಎಂದು ಮಗನ ಮೊಬೈಲನ್ನು ದೂರ ಸರಿಸಿದರು.

ಕಪ್ಪನ್ನೂ ಹಳದಿಯನ್ನೂ ಅತ್ತೆಯೇ ಹಾಕಿದರು. ನೋಡುವಂತಿತ್ತು. ಸಿರಿಂಜಿಗೆ ಇಂಕು ಎಳೆದು, ಸೂಜಿಯನ್ನು ಮೇಲಕ್ಕೆ ಮಾಡಿ, ಬೆರಳಿನಿಂದ ಟಿಕ್ ಟಿಕ್ ಎಂದು ತಟ್ಟಿ, ಗುಳ್ಳೆಯನ್ನು ತುದಿಗೆ ತಂದು, ಒಂದು ಹನಿ ಹೊರಗೆ ಬಿಟ್ಟು, ಆಮೇಲೆ ಸೂಜಿಯನ್ನು ಸ್ಪಂಜಿನ ಆಳಕ್ಕೆ ಇಳಿಸಿ ನಿಧಾನವಾಗಿ ಒತ್ತಿದರು. ಅವರ ಬಾಯಿಂದ ತಾನಾಗಿಯೇ "ಏನೂ ಆಗುವುದಿಲ್ಲ, ಇರುವೆ ಕಚ್ಚಿದಂತೆ ಅಷ್ಟೇ" ಎಂಬ ಮಾತು ಹೊರಟಿತು. ಯಾರಿಗೆ ಹೇಳಿದರೋ, ಕಾರ್ಟ್ರಿಜ್ ಅಂತೂ ಅಲುಗಾಡಲಿಲ್ಲ. ತೂತಿನ ಬಾಯಲ್ಲಿ ಇಂಕು ಜಿನುಗಿದ ಕೂಡಲೇ ನಿಲ್ಲಿಸಿ, ಹೆಚ್ಚಾದದ್ದನ್ನು ಹಿಂದಕ್ಕೆ ಎಳೆದುಕೊಂಡರು.

ಮೆಜೆಂಟಾ ನನ್ನ ಕೈಯಿಂದಲೇ ಆಗಲಿ ಎಂದು ನಮ್ಮವರು ಮುಂದೆ ಬಂದರು. ಅವರು ಉಟ್ಟಿದ್ದದ್ದು ಬಿಳಿಯ ಪಂಚೆ. ಸೂಜಿಯನ್ನು ತಿರುಚಿ ಬಿಗಿಮಾಡು ಎಂದು ಅತ್ತೆ ಹೇಳಿದ್ದನ್ನು ಅವರ ಎಡಗಿವಿ ಕೇಳಿತ್ತು. ಸೂಜಿಯ ಮೊನೆ ಸ್ಪಂಜಿಗೆ ಕಚ್ಚಿ ನಿಂತಿತು, ಪಿಸ್ಟನ್ ಬಿಗಿಯಾಯಿತು, ಇವರು ಎಂಜಿನಿಯರರ ಬಲವನ್ನೆಲ್ಲ ಹೆಬ್ಬೆರಳಿಗೆ ಹಾಕಿದರು. ಸೂಜಿ ಅಲ್ಲೇ ಉಳಿಯಿತು, ಸಿರಿಂಜು ಕಳಚಿ ಬಂತು, ಮೆಜೆಂಟಾ ಪಂಚೆಯ ಮೇಲೆ ಹೋಳಿ ಆಡಿತು.

ಇಲ್ಲಿ ಒಂದು ವಿಚಾರ ಹೇಳಲೇಬೇಕು. ಈ ಬಗೆಯ ಪ್ರಿಂಟರು ಹುಟ್ಟಿದ್ದೇ ಸಿರಿಂಜಿನಿಂದ ಚಿಮ್ಮಿದ ಇಂಕಿನಿಂದ. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಪ್ರಯೋಗಾಲಯದಲ್ಲಿ ಕಾದ ಬೆಸುಗೆ ಕಡ್ಡಿಯೊಂದು ಇಂಕು ತುಂಬಿದ ಸಿರಿಂಜಿನ ಸೂಜಿಗೆ ಅಕಸ್ಮಾತ್ ತಗುಲಿತು. ಒಳಗೆ ಗುಳ್ಳೆಯೆದ್ದು ಇಂಕು ಹೊರಕ್ಕೆ ಹಾರಿತು. ಅಲ್ಲಿದ್ದ ಸಂಶೋಧಕರು ಅದರಲ್ಲೇ ಹೊಸ ಮುದ್ರಣ ವಿಧಾನವನ್ನು ಕಂಡುಕೊಂಡು ಅದಕ್ಕೆ ಬಬಲ್ ಜೆಟ್ ಎಂದು ಹೆಸರಿಟ್ಟರು. ಇಂದಿಗೂ ನಮ್ಮ ಪ್ರಿಂಟರಿನಂಥವುಗಳ ಒಳಗೆ ನಡೆಯುವುದು ಅದೇ. ಕೂದಲಿಗಿಂತ ಸಣ್ಣ ರಂಧ್ರಗಳ ಹಿಂದೆ ಪುಟ್ಟ ಹೀಟರುಗಳಿವೆ. ಕಣ್ಣೆವೆ ಇಕ್ಕುವುದಕ್ಕಿಂತ ಎಷ್ಟೋ ಬೇಗ ಅವು ಕಾದು, ಗುಳ್ಳೆ ಎದ್ದು, ಒಂದು ಹನಿಯನ್ನು ಕಾಗದಕ್ಕೆ ತಳ್ಳುತ್ತದೆ. ಆ ಹೀಟರುಗಳನ್ನು ತಣ್ಣಗೆ ಇಡುವುದೂ ಇಂಕೇ. ಪೂರ್ತಿ ಬತ್ತಿದ ಮೇಲೂ ಮುದ್ರಿಸುತ್ತಾ ಹೋದರೆ ಅವು ಸುಟ್ಟುಹೋಗುತ್ತವೆ. ಜಪಾನಿನಲ್ಲಿ ಇಂಕು ಚಿಮ್ಮಿದಾಗ ಒಂದು ಉದ್ಯಮ ಹುಟ್ಟಿತು. ನಮ್ಮಲ್ಲಿ ಚಿಮ್ಮಿದಾಗ ಒಂದು ಪಂಚೆ ಹೋಯಿತು.

ಇಷ್ಟಾದರೂ ನಮ್ಮವರ ಉತ್ಸಾಹ ತಗ್ಗಲಿಲ್ಲ. ಸಯಾನ್ ಅನ್ನು ಅತ್ತೆ ತುಂಬಿದ ಮೇಲೆ, ಇನ್ನು ಸೋರಬಾರದು ಎಂದು ತೂತುಗಳ ಮೇಲೆ ಸೆಲ್ಲೋಟೇಪನ್ನು ಅಂಚಿನಿಂದ ಅಂಚಿಗೆ ಅಂಟಿಸಿ, ಉಗುರಿನಿಂದ ಉಜ್ಜಿ ಉಜ್ಜಿ ಕೂರಿಸಿದರು. ಅವರ ಜೀವನದಲ್ಲೇ ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಕಂಡಿರಲಿಲ್ಲ. ಕಾರ್ಟ್ರಿಜ್ ಹಾಕಿ ಮುದ್ರಣಕ್ಕೆ ಕೊಟ್ಟೆವು. ಬಾವುಟ ಮೇಲಿನಿಂದ ಹಳದಿಯಾಗಿ ಇಳಿಯಿತು, ಕೆಂಪು ಶುರುವಾಯಿತು, ಸ್ವಲ್ಪ ಗುಲಾಬಿಯಾಯಿತು, ಆಮೇಲೆ ಬರೀ ಬಿಳಿ ಹಾಳೆ. ಪ್ರಿಂಟರು ಮಾತ್ರ ಕಿರ್ ಕಿರ್ ಎಂದು ಅತ್ತಿಂದಿತ್ತ ಓಡಾಡುತ್ತಾ ಕೆಲಸ ಮಾಡುವವರಂತೆ ನಟಿಸುತ್ತಿತ್ತು.

ನಮ್ಮವರು ಸಾಫ್ಟ್‌ವೇರ್ ಸರಿಯಿಲ್ಲ ಎಂದರು. ಅವರ ವೃತ್ತಿಯಲ್ಲಿ ಎಲ್ಲದಕ್ಕೂ ಮೊದಲು ಹೇಳುವುದು ಅದನ್ನೇ. ಅತ್ತೆ ಕಾರ್ಟ್ರಿಜ್ಜನ್ನು ಹೊರಗೆ ತೆಗೆದು, ತಿರುಗಿಸಿ ನೋಡಿ, ಮಗನ ಸೆಲ್ಲೋಟೇಪಿನ ಮೇಲೆ ಬೆರಳಾಡಿಸಿದರು.

"ಇದು ಉಸಿರಾಡುವುದು ಎಲ್ಲಿಂದ?"

"ಉಸಿರು?"

"ಗಾಜಿನ ಸಲೈನ್ ಬಾಟಲಿ ಕಾಲದಲ್ಲಿ ಗಾಳಿಗೆಂದು ಬೇರೆ ಸೂಜಿ ಚುಚ್ಚುತ್ತಿದ್ದೆವು. ಒಳಗೆ ಗಾಳಿ ಹೋಗದಿದ್ದರೆ ಹನಿ ಕೆಳಗೆ ಇಳಿಯುವುದಿಲ್ಲ. ಹೊಸದಾಗಿ ಬಂದ ಹುಡುಗಿಯರು ಇದನ್ನು ಮರೆತು, ಡ್ರಿಪ್ ನಿಂತಿತು ಎಂದು ಓಡಿ ಬರುತ್ತಿದ್ದರು. ನೀನೂ ಹಾಗೆಯೇ."

ಪ್ರತಿ ತೂತಿನ ನೇರಕ್ಕೆ ಟೇಪಿನಲ್ಲಿ ಸೂಜಿಯಿಂದ ಒಂದೊಂದು ಚುಕ್ಕೆ ಚುಚ್ಚಿದರು. ಅಷ್ಟೇ. ಕಂಪನಿಯವರು ಅಂಟಿಸಿದ್ದ ಮೂಲ ಚೀಟಿಯ ಅಡಿಯಲ್ಲಿ ಗಾಳಿ ಓಡಾಡಲು ಸಣ್ಣ ಕಾಲುವೆಗಳಿರುತ್ತವೆ ಎಂದು ಆಮೇಲೆ ತಿಳಿಯಿತು. ಅತ್ತೆಗೆ ಅದು ವಾರ್ಡಿನಲ್ಲೇ ತಿಳಿದಿತ್ತು.

ಈಗ ಪೂರ್ತಿ ಪುಟ ಬಂತು. ಬಾವುಟ ಅಪ್ಪಟವಾಗಿತ್ತು. ಕಮಲಕ್ಕೂ ಕುಂದಿಲ್ಲ. ಆದರೆ ಶ್ರೀಗಂಧದ ಮರದ ಎಲೆಗಳೆಲ್ಲ ಹಳದಿಯಾಗಿ, ಅರಣ್ಯ ಇಲಾಖೆಯವರು ನೋಡಿದರೆ ವರದಿ ಕೇಳುವ ಸ್ಥಿತಿಯಲ್ಲಿದ್ದವು. ಆನೆ ಕೆಮ್ಮಣ್ಣಿನಲ್ಲಿ ಹೊರಳಿ ಎದ್ದು ಬಂದಿತ್ತು. ಅದನ್ನಾದರೂ ಒಪ್ಪಬಹುದು, ಕಾಡಿನಲ್ಲಿ ಆನೆಗಳು ಮಾಡುವುದೂ ಅದನ್ನೇ. ನೀಲಕಂಠದ ಗತಿ ಮಾತ್ರ ಹೇಳತೀರದು. ರೆಕ್ಕೆ, ನೆತ್ತಿ, ಬಾಲ ಎಲ್ಲವೂ ಇಟ್ಟಿಗೆಯ ಬಣ್ಣ.

"ಅಜ್ಜಿ, ಇದು ತಂದೂರಿ ಆಗಿದೆ" ಎಂದು ಮಗಳು ಅಳುವುದೋ ನಗುವುದೋ ತಿಳಿಯದೆ ನಿಂತಳು.

ಸಯಾನ್ ಬರುತ್ತಿಲ್ಲ ಎಂಬುದು ಸ್ಪಷ್ಟವಾಯಿತು. ಹಳದಿಗೆ ಮೆಜೆಂಟಾ ಸೇರಿದರೆ ಕೆಂಪು, ಸಯಾನ್ ಸೇರಿದರೆ ಹಸಿರು. ಆದ್ದರಿಂದ ಸಯಾನ್ ಮುಷ್ಕರ ಹೂಡಿದರೂ ಕನ್ನಡ ಬಾವುಟಕ್ಕೆ ಏನೂ ಆಗುವುದಿಲ್ಲ! ರಾಜ್ಯೋತ್ಸವಕ್ಕೆ ಬರೀ ಬಾವುಟವನ್ನೇ ಕೊಟ್ಟಿದ್ದರೆ ನಾವು ಆ ರಾತ್ರಿ ನಿದ್ದೆ ಮಾಡುತ್ತಿದ್ದೆವು. ಬಾವುಟವನ್ನು ರೂಪಿಸಿದವರ ದೂರದೃಷ್ಟಿಯನ್ನು ನಾನು ಮನಸ್ಸಿನಲ್ಲೇ ವಂದಿಸಿದೆ.

ತಿಂಗಳುಗಟ್ಟಲೆ ಸುಮ್ಮನಿದ್ದ ರಂಧ್ರಗಳಲ್ಲಿ ಇಂಕು ಒಣಗಿ ಕಟ್ಟಿಕೊಂಡಿರುತ್ತದೆ. ಅತ್ತೆ ಒಂದು ತಟ್ಟೆಯಲ್ಲಿ ಬಿಸಿನೀರು ಹಾಕಿ, ಕಾರ್ಟ್ರಿಜ್ಜಿನ ತಳ ಮಾತ್ರ ಮುಳುಗುವಂತೆ ಸ್ವಲ್ಪ ಹೊತ್ತು ಹಿಡಿದರು. ಬೆನ್ನಿನ ತಾಮ್ರದ ಚುಕ್ಕೆಗಳಿಗೆ ನೀರು ತಗುಲದಂತೆ ಎಚ್ಚರ ವಹಿಸುವ ಕೆಲಸ ನನ್ನದು. ಆಮೇಲೆ ಮಡಿಸಿದ ಟಿಶ್ಯೂ ಕಾಗದದ ಮೇಲೆ ತಳವನ್ನು ಮೆಲ್ಲಗೆ ಒತ್ತಿ ಎತ್ತಿದರು. ಹಳದಿಯ ಗೆರೆ, ಮೆಜೆಂಟಾದ ಗೆರೆ. ಮತ್ತೆ ಬಿಸಿನೀರು, ಮತ್ತೆ ಟಿಶ್ಯೂ. ಎರಡು ಗೆರೆಗಳ ಪಕ್ಕದಲ್ಲಿ ನೂಲಿನಷ್ಟು ತೆಳುವಾದ ನೀಲಿ ಕಾಣಿಸಿಕೊಂಡಿತು. ಅದು ನಿಧಾನವಾಗಿ ಒದ್ದೆ ಕಾಗದದಲ್ಲಿ ಹರಡಿ ದಪ್ಪವಾಯಿತು. "ಪ್ರಜ್ಞೆ ಬಂತು" ಎಂದರು ಅತ್ತೆ.

ನೀಲಕಂಠ ನೀಲಿಯಾಗಿ ಹೊರಬಂದಾಗ ಮಗಳು ಸೋಫಾದ ಮೇಲೆ ಮಲಗಿಬಿಟ್ಟಿದ್ದಳು. ಚಾರ್ಟಿಗೆ ಅಂಟಿಸಿದ್ದು ನಾವು ಮೂವರು ದೊಡ್ಡವರು. ಆ ಪ್ರಾಜೆಕ್ಟಿಗೆ ಬಂದ ಅಂಕಗಳನ್ನು ಈಗಲೂ ಅತ್ತೆ ತಮ್ಮದೆಂದೇ ಹೇಳುತ್ತಾರೆ.

ಆದರೆ ಪ್ರಿಂಟರಿಗೆ ಈ ಯಾವುದರಲ್ಲೂ ನಂಬಿಕೆಯಿಲ್ಲ. ಹೊಟ್ಟೆ ತುಂಬ ಇಂಕು ಇಟ್ಟುಕೊಂಡು, ಇಂಕು ಖಾಲಿ ಎಂಬ ಹಳದಿ ತ್ರಿಕೋನವನ್ನು ಇಂದಿಗೂ ತೋರಿಸುತ್ತದೆ. ನಮ್ಮ ಬಗೆಯ ಕಾರ್ಟ್ರಿಜ್ಜಿನಲ್ಲಿ ಒಳಗೆ ಎಷ್ಟಿದೆ ಎಂದು ಇಣುಕಿ ನೋಡುವ ಏರ್ಪಾಡು ಇಲ್ಲ. ಉಗುಳಿದ ಹನಿಗಳನ್ನು ಎಣಿಸಿ ಕಳೆಯುತ್ತಾ ಹೋಗುವ ಲೆಕ್ಕ ಮಾತ್ರ ಇದೆ. ಇದನ್ನು ಕೇಳಿ ಅತ್ತೆಗೆ ಯಂತ್ರದ ಮೇಲೆ ಮೊದಲ ಬಾರಿಗೆ ಆತ್ಮೀಯತೆ ಮೂಡಿತು. "ಸ್ಟೋರಿನಲ್ಲಿ ಹತ್ತಿ ರಾಶಿ ಬಿದ್ದಿರುತ್ತಿತ್ತು. ರಿಜಿಸ್ಟರಿನಲ್ಲಿ ಇಲ್ಲ ಎಂದಿದ್ದರೆ ಇಲ್ಲ. ಪಾಪ, ಇದೂ ಸರ್ಕಾರಿ ನೌಕರಿ" ಎಂದರು.

ನನ್ನ ಬೆರಳುಗಳ ವಿಚಾರವೂ ಇದೆ. ಹುಣಸೆಹಣ್ಣು, ನಿಂಬೆಹಣ್ಣು, ಕೊಬ್ಬರಿ ಎಣ್ಣೆ ಯಾವುದಕ್ಕೂ ಬಗ್ಗದ ನೀಲಿ ಉಗುರುಗಳ ಸಂದಿಯಲ್ಲಿ ಕೂತಿತ್ತು. ಬೇರೆ ಊರಾಗಿದ್ದರೆ ಬಣ್ಣ ಎಂದು ಸುಮ್ಮನಾಗುತ್ತಿದ್ದರು. ನಮ್ಮ ಊರಿನವರು ಇಂಕಿನ ಕಲೆಯನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಶುರುವಾದ ಇಲ್ಲಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯೇ 1962ರ ಮಹಾಚುನಾವಣೆಯಿಂದ ಇಡೀ ದೇಶದ ಮತದಾರರ ಬೆರಳಿಗೆ ಶಾಯಿ ಹಾಕಿಸುತ್ತಿರುವುದು. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಕಚ್ಚಿದರೆ ತಿಕ್ಕಿದರೂ ಹೋಗುವುದಿಲ್ಲ. ಎದುರು ಮನೆಯ ನಿವೃತ್ತ ಮೇಷ್ಟ್ರು, ಅನೇಕ ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿದವರು, ಹಾಲಿನ ಬೂತಿನಲ್ಲಿ ನನ್ನ ಕೈಯನ್ನು ದಿಟ್ಟಿಸಿ ನೋಡಿ, "ಬಲಗೈ ಆಯಿತಲ್ಲಮ್ಮ" ಎಂದರು. ಸ್ವಲ್ಪ ಯೋಚಿಸಿ, "ಅದೂ ಐದೂ ಬೆರಳು" ಎಂದರು.

ವಿಷಯ ವಿವರಿಸಿದ್ದೇ ತಪ್ಪಾಯಿತೇನೋ. ಅದೇ ಸಂಜೆ ಮೇಷ್ಟ್ರು ತಮ್ಮ ಪ್ರಿಂಟರಿನ ಕಾರ್ಟ್ರಿಜ್ಜನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದರು. ಆಮೇಲೆ ಮೇಲಿನ ಮನೆಯವರು, ಅವರ ನಾದಿನಿ, ಜೆರಾಕ್ಸ್ ಅಂಗಡಿಯ ಹುಡುಗ. ಅತ್ತೆ ಹಳೆಯ ಡೈರಿಯೊಂದರಲ್ಲಿ ಗೆರೆ ಎಳೆದು ದಿನಾಂಕ, ಹೆಸರು, ಬಣ್ಣ, ಎಷ್ಟು ಮಿಲಿ ಎಂದು ಬರೆದಿಡುತ್ತಿದ್ದಾರೆ. ಬಂದವರು ಸಹಿ ಹಾಕಬೇಕು. ನಮ್ಮವರಿಗೆ ಟಿಶ್ಯೂ ಹಿಡಿದುಕೊಳ್ಳುವ ಕೆಲಸ ಕೊಟ್ಟಿದ್ದಾರೆ, ಅದೂ ಬಣ್ಣದ ಲುಂಗಿ ಉಟ್ಟಿದ್ದರೆ ಮಾತ್ರ. ಮೊನ್ನೆ ಯಾರೋ ಫೋನಿನಲ್ಲಿ ಯಾವಾಗ ಬರಲಿ ಎಂದು ಕೇಳುತ್ತಿದ್ದರು. ಒಳಗಿನಿಂದ ಅತ್ತೆಯವರ ಧ್ವನಿ ಕೇಳಿಸಿತು:

"ಯಾವಾಗ ಬೇಕಾದರೂ ಕರೆತನ್ನಿ. ಖಾಲಿ ಹೊಟ್ಟೆಯಲ್ಲಿ ಮಾತ್ರ ತರಬೇಡಿ."