ಎಮ್ಮೆಗೂ ಆರಡಿ ಮೂರಡಿ

ಮುಂಬೈಯ ಗೋರೆಗಾಂವ್‌ನ ನಮ್ಮ ಹೋಟ್ಲಿಗೆ ಹಾಲು ಹಾಕೋದು ಆರೇ ಕಾಲೊನಿಯ ಒಬ್ರು ಗೌಳಿ, ಬಿಜಾಪುರ ಕಡೆಯವ್ರು. ಮೊನ್ನೆ ಬೆಳಿಗ್ಗೆ ಐದೂವರೆ ಆದ್ರೂ ಕ್ಯಾನ್ ಬರ್ಲಿಲ್ಲ, ಫೋನ್ ಮಾಡಿದ್ರೆ "ಎಮ್ಮಿ ಸತ್ತದ್ರೀ ಭಟ್ರ, ಇದನ್ನ ಎಲ್ಲಿ ಒಯ್ಲಿ ನೀವs ಹೇಳ್ರಿ" ಅಂತಾರೆ. ನಾನು ಗಲ್ಲಾದಲ್ಲಿ ಕೂರುವವ, ಫಾರ್ಮ್ ತುಂಬ್ಲಿಕ್ಕೆ ಬರ್ತದೆ ಅನ್ನುವ ಒಂದೇ ತಪ್ಪಿಗೆ ಶೆಟ್ರು ನನ್ನನ್ನು ಅಲ್ಲಿಗೆ ಅಟ್ಟಿದ್ರು.

ನಿಯಮಕ್ಕೆ ಏನೂ ಬರಗಾಲ ಇಲ್ಲ ಮಾರ್ರೆ. ಪ್ರಾಣಿಗಳ ಅಂಟುರೋಗಕ್ಕೆ ಅಂತಲೇ 2009ರ ಕಾಯ್ದೆ ಉಂಟು, ಗುಂಡಿ ಕಡಿಮೆ ಅಂದ್ರೂ ಆರಡಿ ಆಳ ಇರ್ಬೇಕು, ಬಾವಿ ಹಳ್ಳದಿಂದ ದೂರ ಇರ್ಬೇಕು, ಸುಣ್ಣ ಸುರೀಬೇಕು, ನಾಯಿ ಕೆದಕಬಾರ್ದು. ಎಲ್ಲ ಸರಿ, ಗುಂಡಿ ಎಲ್ಲಿ ತೆಗೀಬೇಕು ಅಂತ ಕೇಳಿದ್ರೆ ಮಾತ್ರ ಎದುರಿನವ್ರಿಗೆ ಚಾ ಕುಡಿಯುವ ಟೈಮ್ ಆಗ್ತದೆ. ಒಂದು ಆಫೀಸಿನವ್ರು ಜಾಗ ನಮ್ದಲ್ಲ ಅಂದ್ರು, ಇನ್ನೊಂದು ಆಫೀಸಿನವ್ರು ಜಾಗ ನಮ್ದೇ ಆದ್ರೆ ಎಮ್ಮೆ ನಮ್ದಲ್ಲ ಅಂದ್ರು. ಆರೇಯ ಒಂದಷ್ಟು ಭಾಗ 2020ರಿಂದ ಮೀಸಲು ಅರಣ್ಯ, ಅಲ್ಲಿ ಹಾರೆ ಹಿಡ್ಕೊಂಡು ಹೋದ್ರೆ ಎಮ್ಮೆ ಜೊತೆ ನಮ್ಮನ್ನೂ ಹುಗಿದಾರು!

ಎಮ್ಮೆ ಅಲ್ಲೇ ಗೋಡೆ ಬದಿ ಮಲಗಿದ ಹಾಗೆ ಬಿದ್ದಿತ್ತು, ಕಿವಿಯಲ್ಲಿ ಹಳದಿ ಟ್ಯಾಗ್, 12 ಅಂಕಿ, ನಮ್ಮ ಆಧಾರ್‌ಗೆ ಇದ್ದಷ್ಟೇ. ಕಂಬಕ್ಕೆ ಉಜ್ಜಿ ಉಜ್ಜಿ ಕೊನೇ ಅಂಕಿ 3ವೋ 8ವೋ ಗೊತ್ತಾಗ್ಲಿಲ್ಲ, ಇನ್ಶೂರೆನ್ಸಿನವ ಫೋನಲ್ಲೇ ಹೇಳಿದ, 8 ಆದ್ರೆ ಅದು ಬೇರೆ ಎಮ್ಮೆ ಅಂತ. ಟ್ಯಾಗ್ ಇಲ್ದೆ ಕ್ಲೇಮ್ ಇಲ್ಲ, ಪೋಸ್ಟ್‌ಮಾರ್ಟಮ್ ಇಲ್ದೆ ಅಂತೂ ಮಾತೇ ಬೇಡ. ಅಷ್ಟೊತ್ತಿಗೆ ಡಾಕ್ಟ್ರು ಬಂದ್ರು, ಮೂಗಿನ ಹತ್ರ ಒಂಚೂರು ಕಪ್ಪು ರಕ್ತ ಕಂಡದ್ದೇ ದೂರ ನಿಂತ್ರು. ನೆರಡಿ ರೋಗದ, ಅಂದ್ರೆ ಆಂಥ್ರಾಕ್ಸಿನ ಸಂಶಯ ಇದ್ರೆ ಕೊಯ್ಯುವ ಹಾಗೇ ಇಲ್ವಂತೆ, ಅದರ ಬೀಜಕಣ ಮಣ್ಣಲ್ಲಿ ಹತ್ತಾರು ವರ್ಷ ಬದುಕ್ತದೆ. ಪಾಪ ಅವ್ರು ಹೇಳಿದ್ದು ನೂರಕ್ಕೆ ನೂರು ಸರಿ. ಆದ್ರೆ ಕೊಯ್ಯದಿದ್ರೆ ದುಡ್ಡಿಲ್ಲ, ಕೊಯ್ದ್ರೆ ಕಾನೂನಿಲ್ಲ, ಕಿವಿಯಿಂದ ಒಂದು ತೊಟ್ಟು ರಕ್ತ ಗಾಜಿಗೆ ಹಚ್ಕೊಂಡು ಹೋದ್ರು, ರೋಗ ಇಲ್ಲ ಅಂತ ರಿಪೋರ್ಟ್ ಬರುವಾಗ ಸಂಜೆ, ಎಮ್ಮೆ ಬಿಸಿಲಿಗೆ ಡೋಲಿನ ಹಾಗೆ ಉಬ್ಬಿತ್ತು, ಈಗ ಕೊಯ್ಯುವವ್ರು ಯಾರೂ ಇಲ್ಲ.

ಸುಡುವ ಅಂದ್ರೆ, ಮಲಾಡ್‌ನಲ್ಲಿ 2023ರಿಂದ ಪೈಪ್ ಗ್ಯಾಸಿನ ಚಿತಾಗಾರ ಉಂಟು, ನಾಯಿ ಬೆಕ್ಕಿಗೆ, ಗಂಟೆಗೆ 50 ಕಿಲೋ. ನಮ್ಮದು ಐನೂರು ಕಿಲೋದ ಮುರ್ರಾ, ಹತ್ತು ಕಂತಲ್ಲಿ ಕಳಿಸ್ಬೇಕಾ? ಟೆಂಪೋದವ ಅಂತೂ ಕೈಮುಗಿದ, 2015ರ ಗೋವಂಶ ಹತ್ಯೆ ನಿಷೇಧದ ಕಾನೂನಲ್ಲಿ ಎಮ್ಮೆ ಬರೋದಿಲ್ಲ ಅಂತ ಅವ್ನಿಗೂ ಗೊತ್ತುಂಟು, ಆದ್ರೆ ರಾತ್ರಿ ಗಾಡಿ ಅಡ್ಡ ಹಾಕುವವ್ರು ಬಾಲ ನೋಡಿ ಜಾತಿ ಕೇಳೋದಿಲ್ಲ.

ಮೊದ್ಲು ಈ ಕೆಲ್ಸಕ್ಕೆ ಫಾರ್ಮೇ ಇಲ್ಲದ ಸ್ಟಾಫ್ ಇತ್ತು, ರಣಹದ್ದು. ಸಂಬಳ ಇಲ್ಲ, ರಜೆ ಇಲ್ಲ, ಮೂಳೆ ಬಿಟ್ರೆ ಏನೂ ಉಳಿಸ್ತಿರ್ಲಿಲ್ಲ. ದನಕ್ಕೆ ನೋವಿಗೆ ಕೊಟ್ಟ ಡೈಕ್ಲೋಫೆನಾಕ್ ಹೆಣದಲ್ಲಿ ಉಳಿದು, ತಿಂದ ಹದ್ದಿನ ಕಿಡ್ನಿ ಹೋಗಿ, ಬಿಳಿಬೆನ್ನಿನ ಹದ್ದು ನೂರಕ್ಕೆ 99 ಖಾಲಿ ಆದ್ಮೇಲೆ 2006ರಲ್ಲಿ ಆ ಮದ್ದು ಬ್ಯಾನ್ ಆಯ್ತು. ಮಲಬಾರ್ ಹಿಲ್‌ನ ಡೂಂಗರ್‌ವಾಡಿಯಲ್ಲಿ ಹೆಣವನ್ನು ಹದ್ದಿಗೆ ಬಿಡುವ ಪಾರ್ಸಿಗಳು ಹದ್ದಿಲ್ಲದೆ, ಹೆಣ ಒಣಗಿಸ್ಲಿಕ್ಕೆ ಬಿಸಿಲಿನ ಕನ್ನಡಿ ಇಟ್ರು. ನಮ್ಮ ಗೌಳಿಗೆ ಆ ಕನ್ನಡಿಯೂ ಇಲ್ಲ.

ರಾತ್ರಿ ಹನ್ನೊಂದಕ್ಕೆ ಯಾರೋ ಬಂದು ನಾಲ್ಕು ಸಾವಿರ ಇಸ್ಕೊಂಡು ಒಯ್ದ್ರು, ಎಲ್ಲಿಗೆ ಅಂತ ನಾನೂ ಕೇಳ್ಲಿಲ್ಲ, ಅವ್ರೂ ಹೇಳ್ಲಿಲ್ಲ. ಗೌಳಿ ಬರೀ ಹಗ್ಗ ಸುತ್ತಿಟ್ರು. "ಇಲ್ಲಿಂದ ಕೊಲಾಬಾ ತನಕ ಮೆಟ್ರೋಕ್ಕ 33 ಕಿಲೋಮೀಟರ್ ನೆಲ ಕೊರದಾರ್ರೀ, ನಮ್ಮ ಎಮ್ಮಿಗಿ ಆರ್ ಫೂಟ್ ಇಲ್ಲ."

ಮರುದಿನ ಫಾರ್ಮ್ ಬಂತು, ಅದ್ರಲ್ಲಿ ಒಂದು ಕಾಲಮ್, ಹೂತ ಸ್ಥಳ, ಖಾಲಿ ಬಿಡುವ ಹಾಗಿಲ್ಲ. ಗಲ್ಲಾದಲ್ಲಿ ಪೆನ್ ಹಿಡ್ಕೊಂಡು ಕೂತಿದ್ದೆ, ಆರೇ ಮೆಟ್ರೋ ಸ್ಟೇಷನ್ ಅಂತ ಬರೀಲಾ ಅಂತ ಕೇಳಿದೆ.

"ಆರೇ ಬೇಡ ಭಟ್ರೇ, ಅದು ನೆಲದ ಮೇಲೆ ಉಂಟು" ಅಂದ್ರು ಶೆಟ್ರು, "ಸೀಪ್ಝ್ ಸ್ಟೇಷನ್ ಅಂತ ಬರೀರಿ, ಅದು ನೆಲದ ಒಳಗೆ."